ಎಂಟು ಹೆಚ್ಚು

ಝುವಾರಿ ನಗರದ ಈ ಬಾಡಿಗೆ ಕೋಣೆಯಲ್ಲಿ
ಸಂಜೆ ಐದಕ್ಕೂ ತಗಡು ಕಾದೇ ಇರುತ್ತದೆ.
ಲೆಕ್ಕ ಓದಿದೆ:
ಅಕ್ಕನ ಹತ್ತಿರ ತಮ್ಮನಿಗಿಂತ ಎಂಟು ಗೋಲಿ ಹೆಚ್ಚು,
ಇಬ್ಬರದೂ ಸೇರಿ ಮೂವತ್ತು.
‘ಹೆಚ್ಚು’ ಕಿವಿಗೆ ಬಿದ್ದದ್ದೇ ತಡ
ಮೂವತ್ತೆಂಟು! ಅಂದಳು ಫಕೀರವ್ವ.

ಅಂಕಿ ಬದಿಗಿಡು, ಚಿತ್ರ ಬಿಡಿಸು ಅಂದೆ.

ಪುಸ್ತಕದಲ್ಲಿದ್ದದ್ದು ಎರಡು ನೀಟಾದ ಪಟ್ಟಿ.
ನೆಲದ ಮೇಲೆ ಇವಳ ಸೀಮೆಸುಣ್ಣ ಎಬ್ಬಿಸಿದ್ದು
ಚಿರೇಕಲ್ಲಿನ ಗೋಡೆ,
ಅದರ ಕೆಳಗೆ ಇನ್ನೊಂದು, ಗಿಡ್ಡ.
"ಗೊತ್ತಿಲ್ಲದ್ದಕ್ಕ ಏನ್ ಬರೀಲಿ ಟೀಚರ್?"
ಪ್ರಶ್ನೆ ಚಿಹ್ನೆ ಅನ್ನುವಷ್ಟರಲ್ಲಿ
ಎರಡರಲ್ಲೂ ಒಂದೊಂದು ಕಿಟಕಿ ಬಿಟ್ಟಿದ್ದಳು.

ಆಮೇಲೆ, ನಾನೇನೂ ಹೇಳದೆ,
ಉದ್ದನೆಯ ಗೋಡೆಯ ತುದಿಯನ್ನು
ಅಂಗೈಯಿಂದ ಮುಚ್ಚಿ ಹಿಡಿದಳು.
ಈಗ ಎರಡೂ ಸಮ.
ಇಪ್ಪತ್ತೆರಡು. ಅರ್ಧ. ಹನ್ನೊಂದು.
ತುಟಿ ಮಾತ್ರ ಅಲ್ಲಾಡಿತು.
ಕೈ ತೆಗೆದಳು:
ಎಂಟು ಕಲ್ಲು ಅಲ್ಲೇ ಇದ್ದವು,
ಅಂಗೈಗೂ ಒಂದಿಷ್ಟು ಅಂಟಿದ್ದವು.
"ಅಕ್ಕಂದು ಹತ್ತೊಂಬತ್ತು."

ಕರೆಯಲು ಬಂದ ಅಪ್ಪ
ಸಿಮೆಂಟು ಮೆತ್ತಿದ ಕಾಲು ಹೊರಗೇ ಇಟ್ಟು
ಬಗ್ಗಿ, ಕಣ್ಣಲ್ಲೇ ಅಳೆದ:
"ಸಂದಿನ ಮ್ಯಾಲ ಸಂದು ಬಂದಾವಲ್ಲವ್ವ,
ಗ್ವಾಡಿ ಬಿರೀತದ."

"ಅದು ಗ್ವಾಡಿ ಅಲ್ಲಪ್ಪ," ಅಂದಳು,
ಕಿಟಕಿಯೊಳಗೆ ಹನ್ನೊಂದು ಬರೆಯುತ್ತ,
"ಗೋಲಿ."