ರದ್ದಾದ ಪಾವತಿ

ಹಾತಲಗೇರಿ ನಾಕಾದ ಹಿಂದೆ
ಹಿಟ್ಟಿನ ಗಿರಣಿಯ ಜೊತೆ ಒಂದೇ ಗೋಡೆ ಹಂಚಿಕೊಂಡ ನಮ್ಮ ಪ್ರೆಸ್ಸಿನಲ್ಲಿ
ಆ ಸಂಜೆ
ಹತ್ತಿ ಪೇಟೆಯ ತೂಕದ ಪಾವತಿಗಳಿಗೆ ನಂಬರು ಬೀಳುತ್ತಿದ್ದವು.
ನಂಬರಿನ ಯಂತ್ರಕ್ಕೆ ಏಳು ಗಾಲಿ, ಒಂದೊಂದಕ್ಕೂ ಹತ್ತು ಹಲ್ಲು.
ಬಲತುದಿಯದು ಸುತ್ತು ಮುಗಿಸಿದಾಗ
ಪಕ್ಕದ್ದನ್ನು ಮೊಣಕೈಯಿಂದ ತಿವಿಯುತ್ತದೆ.
ಅದಕ್ಕೆ ಗೊತ್ತಿರುವ ಗಣಿತ ಅಷ್ಟೇ.

ದಾವಲಸಾಬ ನದಾಫ ತೂತುಗೆರೆ ಹಾಕುವಾಗ
ಗಿರಣಿಯ ಬೆಲ್ಟು ಕಳಚಿ ಗೋಡೆ ನಡುಗಿತೋ,
ಅವನ ಕಣ್ಣಿಗೆ ಹಿಟ್ಟು ಹಾರಿತೋ,
ಒಂದು ಹಾಳೆ ಸೊಟ್ಟ ಕೂತು
ಗೆರೆ ನಂಬರಿನ ಮೇಲೇ ಹಾಯಿತು.
ಎಳೆದರೆ ಎರಡು ಚೂರು:
ಇತ್ತ ೫೮೮
ಅತ್ತ ೨೩೫೩.

"ರದ್ದಿಗೆ ಒಗಿ," ಅಂದೆ.
ಸೊಸೆಯ ಹೊಲಿಗೆ ಕ್ಲಾಸಿನ ಕರಪತ್ರದ ಪ್ರೂಫು ನೋಡಲು ಬಂದಿದ್ದ
ಬೆಟಗೇರಿಯ ಕುಬಸದ ಮಾಸ್ತರರು
ಚೂರುಗಳನ್ನು ಮೊಣಕಾಲ ಮೇಲೆ ಜೋಡಿಸಿ
ಬಾಯಿತುಂಬ ಓದಿದರು:
ಐವತ್ತೆಂಟು ಲಕ್ಷ ಎಂಬತ್ತೆರಡು ಸಾವಿರದ ಮುನ್ನೂರ ಐವತ್ತಮೂರು.
ಶಾಲೆ ಬಿಟ್ಟ ಹುಡುಗ ತಿರುಗಿ ಬಂದಾಗ ಹಾಜರಿ ಕೂಗಿದ ಹಾಗೆ.

ಮಿರ್ಚಿ ಕಟ್ಟಿ ತಂದ ಹಾಳೆಯಲ್ಲಿ ಎಣ್ಣೆ ಹತ್ತದ ಮೂಲೆ ಹುಡುಕಿ
ಎಡದ ಚೂರನ್ನು ಅದರಿಂದಲೇ ಗುಣಿಸಿದರು:
ಮೂರು ಲಕ್ಷ ನಲವತ್ತೈದು ಸಾವಿರದ ಏಳುನೂರ ನಲವತ್ತನಾಲ್ಕು.
ಬಲದ ಚೂರನ್ನು ಅದರಿಂದಲೇ:
ಐವತ್ತೈದು ಲಕ್ಷ ಮೂವತ್ತಾರು ಸಾವಿರದ ಆರುನೂರ ಒಂಬತ್ತು.
"ಈಗ ನೀ ಕೂಡಸು."
ಪೆನ್ಸಿಲು ನನ್ನ ಕೈಗೆ ಬಂತು.

ನಾಲ್ಕೂ ಒಂಬತ್ತೂ ಹದಿಮೂರು; ಮೂರು ಕೆಳಗೆ, ಒಂದು ಕೈಯಲ್ಲಿ.
ನಾಲ್ಕು, ಸೊನ್ನೆ, ಕೈಯಲ್ಲಿದ್ದದ್ದು: ಐದು.
ಮತ್ತೆ ಮೂರು.
ಮುಂದಿನ ಅಂಕಿ ಬರೆಯಲು ನನಗೆ ಅಂಜಿಕೆಯಾಯಿತು.

"ಒಂದನ್ನ ಹದಿನೇಳರಿಂದ ಭಾಗಸ್ತ ಕೂತಾಗ ಸಿಕ್ಕಿತ್ತಪ್ಪ ಇದು,
ಮೂವತ್ತು ವರ್ಷ ಆತು.
ಹದಿನೇಳು ಸಲ ಇಟ್ಟರ ಹತ್ತು ಕೋಟಿ, ಮ್ಯಾಲೊಂದು.
ಆದರ ಇದನ್ನ ಸಮಪಾಲು ಮಾಡೋರು ಯಾರೂ ಇಲ್ಲ,
ಎಷ್ಟು ಮಂದಿಗೆ ಹಂಚಿದರೂ ಏನರ ಉಳೀತದ.
ಇದಕ್ಕೊಬ್ಬ ಅಣ್ಣ ಅದಾನ,
ಒಂಬತ್ತು ಕೋಟಿ ನಲವತ್ತೊಂದು ಲಕ್ಷದ ಆಚೆ,
ಇಪ್ಪತ್ತೆರಡು ಸಾವಿರದ ಮುನ್ನೂರ ಐವತ್ತಮೂರು.
ಅವನ್ನೂ ನಟ್ಟನಡುವ ಹರೀರಿ, ಹಿಂಗ ಕೂಡ್ತಾನ."

ನಾನು ಯಂತ್ರ ನೋಡಿದೆ. ಏಳೇ ಗಾಲಿ.
ಅಣ್ಣ ನಮ್ಮಲ್ಲಿಗೆ ಬರುವ ಹಾಗಿಲ್ಲ.

ದಾವಲಸಾಬ ಕೈ ಒರೆಸಿಕೊಂಡ:
"ಎಲ್ಲಾ ಖರೆ ಸರ. ಈ ಹಾಳಿ ಖರ್ಚು ಯಾರ ಹೆಸರಿಗೆ ಹಚ್ಚಲಿ?"

ರಾತ್ರಿ ಎಲ್ಲ ಹೋದಮೇಲೆ
ಹಿಂದಿನ ಪಾವತಿಯನ್ನೂ ಮುಂದಿನದನ್ನೂ ಹಾಗೇ ಒಡೆದು ನೋಡಿದೆ,
ಕಾಗದದ ಮೇಲೆ, ಹರಿಯದೆ.
ಒಂದರಲ್ಲಿ ನಾಲ್ಕು ಸಾವಿರದ ಏಳುನೂರ ನಾಲ್ಕು ಕಡಿಮೆ ಬಿತ್ತು,
ಇನ್ನೊಂದರಲ್ಲಿ ನಾಲ್ಕು ಸಾವಿರದ ಏಳುನೂರ ಆರು ಹೆಚ್ಚು.
ಪಾಪ, ಅವು ಸಾದಾ ನಂಬರು.
ಹತ್ತಿ ಅಂಡಿಗೆಗಳ ಹಿಂದೆ ಹೋಗಿ ದುಡಿದಿರಬೇಕು.

ಪೇಟೆ ಕಚೇರಿಯ ಗುಮಾಸ್ತ ಪುಸ್ತಕ ಎಣಿಸುತ್ತ ನಿಂತ:
"ಮುನ್ನೂರ ಐವತ್ತಮೂರು ಎಲ್ಲಿ?"
"ಹರೀತು," ಅಂದೆ.
ಚೂರುಗಳು ಅಂಗಿಯ ಕಿಸೆಯಲ್ಲೇ ಇದ್ದವು.
ನನ್ನ ಹಿಂದೆ ಸಾಲು ಉದ್ದ ಇತ್ತು.