ಬಾಯಿ ತೆರೆಯುವ ಹೊತ್ತು

ಕೇಪ್ ಕಾಡ್ ಕಾಲುವೆಯ ದಂಡೆಗೆ ನನ್ನದೊಂದು ಎರೆ ಅಂಗಡಿ.
ಬೆಳಗಿನ ಮೂರಕ್ಕೇ ಕದ ತೆಗೆಯುತ್ತೇನೆ.
ಅಕ್ಟೋಬರ್ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ:
ಪಟ್ಟೆ ಬಾಸ್ ತಿನ್ನುವುದು ಯಾವಾಗ?

ಗೊತ್ತಿದ್ದರೆ ನಾನೇಕೆ ಹಾವುಮೀನು ಎಣಿಸುತ್ತ ಕೂತಿರುತ್ತಿದ್ದೆ?
ಆದರೂ ಹೇಳುತ್ತೇನೆ, ವ್ಯಾಪಾರ ನೋಡಿ:
ನೀರು ತಣ್ಣಗಾಗಬೇಕು, ತೀರಾ ಅಲ್ಲ,
ಮೊಣಕೈವರೆಗೆ ಅದ್ದಿದರೆ ಮೂಳೆಗೆ ಸುದ್ದಿ ಮುಟ್ಟುವಷ್ಟು.
ಸೆಳೆತ ಮಗ್ಗುಲು ಬದಲಿಸಬೇಕು.
ಮೂಡುಗಾಳಿ ಬಂಗಡೆಯ ಹಿಂಡನ್ನು ಕೊಲ್ಲಿಯಿಂದ ಒಳಗೆ ತುರುಕಬೇಕು.
ಮಳೆಗೆ ಮುಂಚೆ ಪಾದರಸ ಇಳಿಯುವಾಗ ಒಳ್ಳೆಯದು;
ಮಳೆ ಕಳೆದು ಆಕಾಶ ತೊಳೆದಿಟ್ಟ ತಟ್ಟೆಯಂತಾದರೆ
ಬಾಯಿಗೆ ಬೀಗ.
ಹುಣ್ಣಿಮೆಯ ಬಗ್ಗೆ ಮಾತ್ರ ಕೇಳಬೇಡಿ,
ಅದೇ ಜಗಳದಲ್ಲಿ ಇಬ್ಬರು ಭಾವಮೈದುನರು ಮಾತು ಬಿಟ್ಟಿದ್ದಾರೆ.

ಅನ್ಸೆಲ್ಮೊ ಫುರ್ಟಾಡೊ ಏನೂ ಕೇಳುವುದಿಲ್ಲ.
ರೈಲುಸೇತುವೆ ಏರಿಸಿ ಇಳಿಸಿ ಮೂವತ್ತು ವರ್ಷ ಸವೆಸಿದವನು.
ನಾಲ್ಕು ಹಾವುಮೀನು, ಒಂದು ಕಪ್ಪು ಕಾಫಿ,
ಜೇಬಿನಲ್ಲಿ ಒದ್ದೆಯಾಗಿ ಉಬ್ಬಿದ ನೋಟುಬುಕ್ಕು.

ಒಮ್ಮೆ ಅದನ್ನು ಗಲ್ಲಾದ ಮೇಲೆ ಮರೆತು ಹೋದ.
ತೆರೆದೆ. ಅವನ ಜಾಗ ತಿಳಿದರೆ
ನಾಲ್ಕು ಡಬ್ಬ ಹೆಚ್ಚು ಮಾರಬಹುದಲ್ಲ.
ಎಡಕ್ಕೆ ಗಾಳಿ, ಸೆಳೆತ, ನೀರಿನ ಡಿಗ್ರಿ. ಒಂದೂ ಮುಟ್ಟಲಿಲ್ಲ.
ಬಲಕ್ಕೆ ಇಡಾಲಿನಾ. ಔಷಧಿ ಏರಿಸಿದ ಮೂರನೇ ದಿನ.
ಕೇಲ್ ಸೊಪ್ಪಿನ ಸೂಪು, ಎರಡು ಚಮಚ.
ಕಿಟಕಿ ತೆರೆದಿಟ್ಟೆ, ವಾಸನೆ ಆಗಲಿಲ್ಲ.
ಆರನೇ ದಿನ, ಮೋಡ. ಏನೂ ಇಲ್ಲ.
ಒಂಬತ್ತು: ನನ್ನ ಮೇಲೆ ರೇಗಿದಳು. ರೇಗಿದ ಮೇಲೆ ಒಂದು ಬಿಸ್ಕತ್ತು.
ನಾಳೆಯೂ ರೇಗಿಸಿ ನೋಡಬೇಕು.

ಮುಚ್ಚಿಟ್ಟೆ. ಅವನು ಮರಳಿದಾಗ ಹವೆಯ ಮಾತಾಡಿದೆ.

ಹತ್ತೊಂಬತ್ತರ ಮುಂಜಾನೆ ಕಾಲುವೆ ಕುದಿಯಿತು.
ಪಾದರಸ ಏರುತ್ತಿತ್ತು, ಗಾಳಿ ಪಡುವಣದ್ದು,
ಯಾವುದೂ ಸರಿಯಿರಲಿಲ್ಲ.
ಬಂಗಡೆ ಜೀವಭಯಕ್ಕೆ ಬಂಡೆಗಳ ಮೇಲೆಯೇ ಹಾರಿ ಬೀಳುತ್ತಿತ್ತು,
ಬಾಲ ಬಡಿಯುವ ಸದ್ದು ಅಂಗಡಿಯವರೆಗೆ.
ಕದ ಹಾಕದೆ ಓಡಿದೆ.
ಅನ್ಸೆಲ್ಮೊನ ಕೋಲು ಬಿಲ್ಲಾಗಿತ್ತು, ರೀಲು ಚೀರುತ್ತಿತ್ತು.
ಆಗ ಅವನ ಜೇಬಿನಲ್ಲಿ ಫೋನು.
ಭುಜಕ್ಕೆ ಕಿವಿ ಒತ್ತಿ ಕೇಳಿದ.
"ಮೊಟ್ಟೆಯಾ?" ಎಂದ. "ಹುರಿದದ್ದಾ? ಈಗಲಾ?"

ಏಳು ವಾರ ಕಾದ ಮೀನನ್ನು ಕೋಲಿನ ಸಮೇತ
ನನ್ನ ಕೈಗೆ ತುರುಕಿದ.
"ಮೊಟ್ಟೆ ಇದೆಯೇನೋ ನಿನ್ನಲ್ಲಿ?"
ಎರೆಹುಳದ ಫ್ರಿಜ್ಜಿನಲ್ಲಿ ನನ್ನ ನಾಷ್ಟಾದ ಎರಡಿದ್ದವು. ಹೇಳಿದೆ.
ಎಪ್ಪತ್ತು ದಾಟಿದ ಕಾಲು, ಪಾಚಿಗಟ್ಟಿದ ಬಂಡೆ,
ಓಡಿದ.

ಅರ್ಧ ಗಂಟೆ ಜಗ್ಗಾಡಿ ಮೀನು ನನ್ನನ್ನು ಬಿಟ್ಟು ಹೋಯಿತು.
ತೋಳು ಸೋತು ಅಂಗಡಿಗೆ ಬಂದೆ.
ಫ್ರಿಜ್ಜಿನ ಬಾಗಿಲು ಅರೆ ತೆರೆದಿತ್ತು.
ಗಲ್ಲಾದ ಮೇಲೆ ಐದು ಡಾಲರು,
ಒದ್ದೆ, ಒಂದೆರಡು ಹುರುಪೆ ಅಂಟಿಕೊಂಡು.