ಭಾನುವಾರದ ತೂಕ

ತೂಕದ ಯಂತ್ರವನ್ನು ಹಳೇ ಟವೆಲಿನಲ್ಲಿ ಸುತ್ತಿ
ಚೀಲಕ್ಕಿಟ್ಟುಕೊಂಡು ಬಸ್ಸು ಹತ್ತುತ್ತೇನೆ.
ಏನಿದು, ಲಗೇಜಾ? ಅಂತಾನೆ ಕಂಡಕ್ಟರು.
ಇಲ್ಲಪ್ಪ, ಮಕ್ಕಳನ್ನು ತೂಗೋದು.
ಹಂಗಾದ್ರೆ ನನ್ನೂ ಒಂದ್ಸಲ ತೂಗಿ ಮೇಡಂ.

ಹರಳೂರಿನ ಸ್ಟಾಪಿಳಿದು, ಒಳಗೆ ಅರ್ಧ ಮೈಲಿ.
ಹದಿನಾಲ್ಕು ಅಂತಸ್ತಿನ ನೆರಳು ಮುಗಿಯುವಲ್ಲಿ
ಪಂಪ್ ಹೌಸಿಗಂಟಿ ಒಂದು ಕೋಣೆ,
ತಗಡಿನ ಬಾಗಿಲು, ಅದರ ಮೇಲೆ ಮೊಳೆಯಿಂದ ಗೀಚಿದ ವಿಮಾನ.
ಗೀಚಿದವನು ಸುಬಿನ್. ಒಂಬತ್ತು ವರ್ಷ. ನಲವತ್ತೆಂಟು ಕೆ.ಜಿ.
ಕತ್ತಿನ ಹಿಂದೊಂದು ಕಪ್ಪು ಪಟ್ಟಿ.
ಕೊಳೆಯೆಂದುಕೊಂಡು ಅವರಮ್ಮ
ನಾರು ಹಾಕಿ ಉಜ್ಜಿ ಉಜ್ಜಿ ಗಾಯ ಮಾಡಿದ್ದಳು.
ಕೊಳೆಯಲ್ಲ ಧನಸರಾ,
ಸಕ್ಕರೆ ಬಾಗಿಲು ತಟ್ಟಿದ ಗುರುತು.

ಹೇಳುವುದು ಹೇಗೆ?
ಊರಿಗೆ ಕಳಿಸುವ ಫೋಟೋದಲ್ಲಿ
ಅವನ ಕೆನ್ನೆಯೇ ಅವಳ ಸಂಪಾದನೆ.
ಅಛಾಮಿನ ಬೆಟ್ಟದಲ್ಲಿ ಇಬ್ಬರು ತಮ್ಮಂದಿರು
ಒಂದೇ ಚಳಿಗಾಲಕ್ಕೆ ಸೊರಗಿ ಹೋದದ್ದನ್ನು
ಈರುಳ್ಳಿ ಹೆಚ್ಚುತ್ತ ಹೇಳಿದ್ದಳು,
ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ.
ಇವನು ಗಾಳಿಗೆ ಹಾರಿಹೋಗಲ್ಲ ದೀದಿ, ಎಂದು ನಕ್ಕಳು.
ನನ್ನ ಚಾರ್ಟಿನಲ್ಲಿ ಆ ನಗುವಿಗೆ ಕಾಲಂ ಇರಲಿಲ್ಲ.

ಶಾಲೆ ಬಿಟ್ಟು ಬಂದರೆ ಅವಳಿನ್ನೂ ನಾಲ್ಕನೇ ಮನೆಯ ಪಾತ್ರೆಯಲ್ಲಿ.
ಒಳಗೆ ಚಿಲಕ, ಮೊಬೈಲು, ಐದು ರೂಪಾಯಿಯ ಪೊಟ್ಟಣ.
ಹಣ್ಣಿಗಿಂತ ಅಗ್ಗ,
ಅಮ್ಮನಿಗಿಂತ ಬೇಗ ಕೈಗೆ ಸಿಗುವಂಥದ್ದು.
ಮೇಲಿನ ಮನೆಗಳ ಹುಟ್ಟುಹಬ್ಬದ ಕೇಕು
ರಾತ್ರಿ ಲಿಫ್ಟಿನಲ್ಲಿ ಕೆಳಗಿಳಿಯುತ್ತದೆ, ಅರ್ಧ ಹೆಸರು ಉಳಿದಿರುತ್ತದೆ.
ಕೊಟ್ಟ ಕೈಗೆ ಬೇಡ ಅನ್ನಲಾದೀತೆ?

ಓಡಲಿ, ಆಡಲಿ. ಡಾಕ್ಟರ ಚೀಟಿ.
ಕಾಂಪೌಂಡಿನೊಳಗೇ ಪಾರ್ಕಿದೆ: ಜಾರುಬಂಡೆ, ಉಯ್ಯಾಲೆ,
ಬಿದ್ದರೂ ಮಂಡಿ ತರಚದ ನೆಲ.
ಫಲಕವೂ ಇದೆ: ನಿವಾಸಿಗಳಿಗೆ ಮಾತ್ರ.
ಗೇಟಿನಲ್ಲಿ ಸೀಟಿ ಹಿಡಿದು ನಿಂತವನು ಖಡಕ್ ಬೋಹರಾ.
ಹೆಸರಷ್ಟೇ ಖಡಕ್ಕು, ದನಿ ಹತ್ತಿ.
ಸುಬಿನ್‌ನ ಅಪ್ಪ.
ಒಮ್ಮೆ ಮಗ ಒಳಗೆ ನುಸುಳಿದಾಗ
ಅವನೇ ಸೀಟಿ ಊದಬೇಕಾಯಿತು.
ಅಂದಿನಿಂದ ಹುಡುಗ ಉಯ್ಯಾಲೆಯನ್ನು ನೋಡುವುದು ಬಿಟ್ಟ,
ಅಪ್ಪ ಹುಡುಗನನ್ನು.

ಹಾಗಾಗಿ ಭಾನುವಾರ, ಸರ್ಕಾರಿ ಶಾಲೆಯ ಅಂಗಳ.
ಕೀಲಿ ಸಿಗಲು ನಾಲ್ಕು ತಿಂಗಳು, ಹನ್ನೊಂದು ಅರ್ಜಿ.
ಸೆಂಟ್ರಿಂಗ್ ಕೆಲಸದ ಒಡಿಯಾದವರ ಮಕ್ಕಳು, ಮಾಲ್ಡಾದ ಅವಳಿಗಳು,
ಸುರಪುರದ ಗೌಂಡಿಯ ಮಗಳು ಹುಸೇನಮ್ಮ.
ಐದು ಭಾಷೆಯ ಬೈಗುಳ, ಒಂದೇ ಕುಂಟೆಬಿಲ್ಲೆ.

ಮೊದಲ ವಾರ ನಾನು ಓಟ್ಸಿನ ಬಗ್ಗೆ ಮಾತಾಡಿದೆ.
ಹೆಂಗಸರು ಗೌರವದಿಂದ ಆಕಳಿಸಿದರು.
ಮೂರನೇ ವಾರ ನನ್ನ ಊಟದ ಡಬ್ಬಿ ತೆರೆದಾಗ
ಧನಸರಾ ಬಗ್ಗಿ ಮೂಸಿದಳು: ಕೋದೋ?
ರಾಗಿ, ಎಂದೆ. ಮುದ್ದೆ.
ಢಿಂಡೋ, ಎಂದಳು. ಆಮೇಲೆ ಮೆಲ್ಲಗೆ:
ದೀದಿ, ನೀವೂ ಬಡವರಾ?

ಏನು ಹೇಳಲಿ.
ನೆಂಟರು ಬಂದರೆ ನಮ್ಮಮ್ಮನೂ
ಮುದ್ದೆಯ ಪಾತ್ರೆಯನ್ನು ಬಾಗಿಲ ಹಿಂದಕ್ಕೆ ಸರಿಸುತ್ತಿದ್ದಳು.

ಮರುವಾರ ಬಿಸಿಯೂಟದ ಒಲೆಯಲ್ಲಿ ಅವಳೇ ತಿರುವಿದಳು,
ಒಂದು ಗಂಟಿಲ್ಲದೆ, ನನಗಿಂತ ಚೆಂದ.
ಮಕ್ಕಳು ಮೂಗು ಮುರಿದವು. ಸುಬಿನ್ ಎರಡು ತುತ್ತು ನುಂಗಿದ,
ಮೂರನೆಯದನ್ನು ಜೇಬಿಗಿಳಿಸಿದ. ನಾಯಿಗಂತೆ.

ಅಂಗಳದಲ್ಲಿ ಖಡಕ್, ನೈಟ್ ಡ್ಯೂಟಿಯ ಬೂಟಿನಲ್ಲೇ,
ಕಣ್ಣು ಕೆಂಪು. ಜೇಬಿನಿಂದ ಅದೇ ಸೀಟಿ ತೆಗೆದ.
ಸುಬಿನ್ ನಿಂತಲ್ಲೇ ಕಲ್ಲಾದ.
ಓಡೋ, ಎಂದ ಅಪ್ಪ. ಇದು ಓಡೋಕೆ.

ಐದು ತಿಂಗಳು. ನಲವತ್ತೇಳೂ ಮುಕ್ಕಾಲು.
ಕಾಲು ಕೆ.ಜಿ.ಗೆ ಇಷ್ಟೊಂದು ಭಾನುವಾರವೇ?
ಸೂಪರ್‌ವೈಸರ್ ಕೇಳುತ್ತಾರೆ, ತಪ್ಪೇನಿಲ್ಲ.
ಹುಡುಗ ಎರಡು ಬೆರಳು ಎತ್ತರವಾಗಿದ್ದಾನೆ, ಅದನ್ನೂ ಬರೆದೆ.

ಏಜೆನ್ಸಿಯವರು ಒಂದನೇ ತಾರೀಕಿನಿಂದ
ಖಡಕ್‌ನನ್ನು ಯಲಹಂಕಕ್ಕೆ ಹಾಕಿದ್ದಾರಂತೆ.
ಬಸ್ಸಿನಲ್ಲಿ ಯಂತ್ರ ತೊಡೆಯ ಮೇಲೆ.
ಅಲ್ಲಿಯ ಶಾಲೆಯ ಕೀಲಿ ಯಾರ ಹತ್ತಿರವಿದೆ,
ನಾಳೆಯೇ ಕೇಳಬೇಕು.